ಮಕ್ಕಳಿಗೆ ಫ್ಲೂ ಜ್ವರ: ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ?

ಹಂದಿ ಜ್ವರ (ಎಚ್1ಎನ್1) ದೇಶದಲ್ಲಿ ಮೊದಲ ಬಲಿ ಪಡೆದದ್ದು ಪುಣೆಯಲ್ಲಿ, 2009ರ ಆಗಸ್ಟ್ 3ರಂದು. ಮೃತಪಟ್ಟಿದ್ದು 14 ವರ್ಷದ ಶಾಲಾ ಬಾಲಕಿ. ಮಕ್ಕಳ ಮೈ ಕೊಂಚ ಬಿಸಿಯಾದರೂ ಗಾಬರಿಗೊಂಡ ಪೋಷಕರು ತಪಾಸಣಾ ಕೇಂದ್ರಗಳ ಮುಂದೆ ಸಾಲುಗಟ್ಟಿದರು. ಆದರೆ ಸೋಂಕು ಇಲ್ಲದ ಮಗುವಿಗೆ ಅಂಥ ಜನಜಂಗುಳಿಯಲ್ಲೇ ಸೋಂಕು ತಗುಲುವ ಅಪಾಯವಿರುತ್ತದೆ. ಆ ಬಳಿಕ ಕೇಂದ್ರ ಆರೋಗ್ಯ ಸಚಿವಾಲಯ ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು.

• ಎ ವರ್ಗ: ಸಾಧಾರಣ ಜ್ವರ, ಕೆಮ್ಮು, ಗಂಟಲು ನೋವು. ಪರೀಕ್ಷೆಯಾಗಲಿ, ಟ್ಯಾಮಿಫ್ಲೂ ಮಾತ್ರೆಯಾಗಲಿ ಬೇಕಿಲ್ಲ. ಮಗುವನ್ನು ಮನೆಯಲ್ಲೇ ಇರಿಸಿ, 24ರಿಂದ 48 ಗಂಟೆಯೊಳಗೆ ವೈದ್ಯರಿಗೆ ಮತ್ತೆ ತೋರಿಸಬೇಕು.

• ಬಿ ವರ್ಗ: ತೀವ್ರ ಜ್ವರ, ವಿಪರೀತ ಗಂಟಲು ನೋವು ಇರುವವರು ಮತ್ತು ಹೃದಯ, ಶ್ವಾಸಕೋಶದ ಕಾಯಿಲೆಯುಳ್ಳ ಮಕ್ಕಳು. ಪರೀಕ್ಷೆ ಬೇಕಿಲ್ಲ; ವೈದ್ಯರು ಹೇಳಿದರೆ ಟ್ಯಾಮಿಫ್ಲೂ.

• ಸಿ ವರ್ಗ: ಏದುಸಿರು, ಹಾಲು-ಊಟ ಸೇರದಿರುವುದು, ಮಂಪರು, ಫಿಟ್ಸ್, ಉಗುರು ನೀಲಿಗಟ್ಟುವುದು. ಪರೀಕ್ಷೆಯ ವರದಿಗೂ ಕಾಯದೆ ಕೂಡಲೇ ಆಸ್ಪತ್ರೆಗೆ ದಾಖಲಿಸಬೇಕು.

ಮೂರು ತಿಂಗಳೊಳಗಿನ ಹಸುಳೆಗೆ ಯಾವುದೇ ಜ್ವರ ಬಂದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಅನ್ನು ಮಗುವಿನ ತೂಕಕ್ಕೆ ತಕ್ಕಷ್ಟೇ ಕೊಡಬೇಕು. ಆಸ್ಪಿರಿನ್ ಕೊಡಲೇಬಾರದು, ಅದರಿಂದ ಮಿದುಳು, ಯಕೃತ್ತಿಗೆ ಹಾನಿ ಮಾಡುವ ರೇ ಸಿಂಡ್ರೋಮ್ ತಲೆದೋರುವ ಅಪಾಯವಿದೆ.