‘ಸೆಕ್ಷನ್ 8’: ಬಡವರ ಬಾಡಿಗೆಗೆ ಸರ್ಕಾರದ ಹೆಗಲು

ಸೆಕ್ಷನ್ ಎಂದೊಡನೆ ನಮ್ಮಲ್ಲಿ ನೆನಪಿಗೆ ಬರುವುದು ಪೊಲೀಸ್ ಠಾಣೆ, ಇಲ್ಲವೇ ನ್ಯಾಯಾಲಯ. ಆದರೆ ಅಮೆರಿಕದ ಬಡ ಕುಟುಂಬಗಳ ಬಾಯಲ್ಲಿ ‘ಸೆಕ್ಷನ್ 8’ ಎಂದರೆ ತಲೆಯ ಮೇಲೊಂದು ಸೂರು. ಆ ದೇಶದ ವಸತಿ ಕಾಯ್ದೆಯ ಎಂಟನೇ ವಿಧಿಯ ಪ್ರಕಾರ ಕಡಿಮೆ ಆದಾಯದವರ ಮನೆ ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರವೇ ಕಟ್ಟುತ್ತದೆ. ಇಂದು 20 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಈ ನೆರವಿನ ವೋಚರ್ ಹಿಡಿದು ಖಾಸಗಿ ಮನೆಗಳಲ್ಲಿ ವಾಸವಾಗಿವೆ. ಮನೆ ಕಟ್ಟಿಸಿಕೊಡುತ್ತಿದ್ದ ಸರ್ಕಾರ ಬಾಡಿಗೆ ಕಟ್ಟಲು ಮುಂದಾದದ್ದು ಏಕೆ? ಅರ್ಹತೆ ಇದ್ದವರಿಗೆಲ್ಲ ಈ ನೆರವು ದಕ್ಕುತ್ತಿದೆಯೇ?

ಕಟ್ಟಿದ್ದಾಯಿತು, ನಡೆಸುವುದು ಹೇಗೆ?

ಮಹಾ ಆರ್ಥಿಕ ಕುಸಿತದ ಹೊಡೆತಕ್ಕೆ ಸಿಕ್ಕಿ ಅಮೆರಿಕ ತತ್ತರಿಸುತ್ತಿದ್ದ ಕಾಲವದು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1937ರಲ್ಲಿ ವಸತಿ ಕಾಯ್ದೆಗೆ ಸಹಿ ಹಾಕಿದರು. ಊರೂರಿನ ವಸತಿ ಪ್ರಾಧಿಕಾರಗಳು ಬಡವರಿಗಾಗಿ ಮನೆ ಕಟ್ಟಿಸಬೇಕು, ಕಟ್ಟುವ ಖರ್ಚು ಕೇಂದ್ರ ಸರ್ಕಾರದ್ದು. ನಿರ್ವಹಣೆಯ ಖರ್ಚು ಮಾತ್ರ ನಿವಾಸಿಗಳ ಬಾಡಿಗೆಯಿಂದಲೇ ಹುಟ್ಟಬೇಕು ಎಂಬುದು ಅಂದಿನ ಏರ್ಪಾಡು. ಕಟ್ಟಿಸುವ ಬದಲು ಬಾಡಿಗೆಗೆ ಚೀಟಿ ಕೊಡಿ ಎಂದು ಸ್ಥಿರಾಸ್ತಿ ವ್ಯಾಪಾರಿಗಳು ಆಗಲೇ ವಾದಿಸಿದ್ದರು. ಅದು ಒಪ್ಪಿಗೆಯಾಗಲಿಲ್ಲ.

ಎರಡನೇ ಮಹಾಯುದ್ಧದ ನಂತರ ಲೆಕ್ಕ ತಪ್ಪಿತು. ನಾಲ್ಕು ಕಾಸು ಕಂಡವರು ಈ ವಸತಿಗಳನ್ನು ಬಿಟ್ಟು ಉಪನಗರಗಳತ್ತ ಹೊರಟರು, ಕಡುಬಡವರು ಉಳಿದರು. ಕಟ್ಟಡಗಳು ಹಳತಾದವು, ದುರಸ್ತಿಯ ಖರ್ಚು ಏರಿತು. ಅದನ್ನು ತುಂಬಿಕೊಳ್ಳಲು ಬಾಡಿಗೆಯನ್ನೂ ಏರಿಸಲಾಯಿತು. 1969ರಲ್ಲಿ ಸೇಂಟ್ ಲೂಯಿಸ್ ನಗರದ ನಿವಾಸಿಗಳು ಬಾಡಿಗೆ ಕಟ್ಟದೆ ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಅದೇ ಊರಿನಲ್ಲಿ 1950ರ ದಶಕದಲ್ಲಿ ಎದ್ದಿದ್ದ ಪ್ರೂಯಿಟ್–ಐಗೋ ಬಡಾವಣೆಯ 33 ಬಹುಮಹಡಿ ಕಟ್ಟಡಗಳನ್ನು 1972ರಿಂದ ಕೆಡವತೊಡಗಿದರು. ಸಿಡಿಮದ್ದಿಗೆ ಅವು ಕುಸಿದು ಬೀಳುವ ಚಿತ್ರ ಸರ್ಕಾರಿ ವಸತಿಯ ಸೋಲಿನ ಸಂಕೇತವಾಗಿಬಿಟ್ಟಿತು.

ಕಾಲು ಭಾಗದ ಕಟ್ಟಳೆ

ಈ ಗೊಂದಲದ ನಡುವೆ ಒಂದು ಸರಳ ತತ್ವವನ್ನು ಮುಂದಿಟ್ಟವರು ಸೆನೆಟರ್ ಎಡ್ವರ್ಡ್ ಬ್ರೂಕ್. ಜನರ ನೇರ ಮತದಿಂದ ಸೆನೆಟ್‌ಗೆ ಆಯ್ಕೆಯಾದ ಮೊದಲ ಕಪ್ಪು ಜನಾಂಗದ ಪ್ರತಿನಿಧಿ ಅವರು. ಬಾಡಿಗೆಯನ್ನು ಕಟ್ಟಡದ ಖರ್ಚಿನಿಂದಲ್ಲ, ನಿವಾಸಿಯ ಆದಾಯದಿಂದ ಲೆಕ್ಕ ಹಾಕಬೇಕು. ಅದು ಆದಾಯದ ಶೇ 25ನ್ನು ಮೀರಬಾರದು ಎಂಬ ಅವರ ತಿದ್ದುಪಡಿ 1969ರಲ್ಲಿ ಕಾನೂನಾಯಿತು. 1981ರಲ್ಲಿ ಈ ಮಿತಿಯನ್ನು ಶೇ 30ಕ್ಕೆ ಏರಿಸಲಾಯಿತು. ಇಂದಿಗೂ ಬಾಡಿಗೆ ನೆರವಿನ ಬುನಾದಿ ಇದೇ.

1973ರಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಹೊಸ ವಸತಿ ಯೋಜನೆಗಳಿಗೆ ತಡೆ ಹಾಕಿದರು. ಅಷ್ಟರಲ್ಲಿ ಬಾಡಿಗೆ ಭತ್ಯೆಯನ್ನು ನೇರವಾಗಿ ಕುಟುಂಬಗಳಿಗೇ ಕೊಡುವ ಪ್ರಯೋಗ ಹನ್ನೆರಡು ಕಡೆ ಆರಂಭವಾಗಿತ್ತು. 1974ರಲ್ಲಿ ಜೆರಾಲ್ಡ್ ಫೋರ್ಡ್ ಸಹಿ ಮಾಡಿದ ಕಾಯ್ದೆ, 1937ರ ಹಳೆಯ ಕಾಯ್ದೆಯ ಎಂಟನೇ ವಿಧಿಯನ್ನು ಹೊಸದಾಗಿ ಬರೆಯಿತು. ‘ಸೆಕ್ಷನ್ 8’ ಹುಟ್ಟಿದ್ದು ಹೀಗೆ. 1983ರಲ್ಲಿ ವೋಚರ್ ಬಂತು. 1998ರ ಕಾಯ್ದೆ ಹಳೆಯ ಪ್ರಮಾಣಪತ್ರ ಮತ್ತು ವೋಚರ್ ಎರಡನ್ನೂ ಒಂದಾಗಿಸಿತು.

ಯಾರು ಅರ್ಹರು?

ಒಂದು ಪ್ರದೇಶದ ಕುಟುಂಬಗಳನ್ನು ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಮಧ್ಯದಲ್ಲಿ ಬರುವ ಕುಟುಂಬದ ಗಳಿಕೆಯೇ ಇಲ್ಲಿ ಅಳತೆಗೋಲು. ಸಾಮಾನ್ಯವಾಗಿ ಅದರ ಅರ್ಧಕ್ಕಿಂತ ಹೆಚ್ಚು ಗಳಿಸುವವರಿಗೆ ವೋಚರ್ ಇಲ್ಲ. ಕುಟುಂಬದ ಸದಸ್ಯರ ಸಂಖ್ಯೆಗೆ ತಕ್ಕಂತೆ ಮಿತಿ ಬದಲಾಗುತ್ತದೆ. ಹೊಸ ವೋಚರ್‌ಗಳಲ್ಲಿ ಮುಕ್ಕಾಲು ಪಾಲು ಕಡುಬಡವರಿಗೇ ಮೀಸಲು. ಪೌರತ್ವದ ಅಥವಾ ನಿಗದಿತ ವಲಸೆ ಸ್ಥಾನಮಾನದ ದಾಖಲೆಯೂ ಬೇಕು. ಅರ್ಜಿ ಹಾಕಬೇಕಾದದ್ದು ಸ್ಥಳೀಯ ವಸತಿ ಪ್ರಾಧಿಕಾರಕ್ಕೆ.

ವೋಚರ್ ಕೈಗೆ ಬಂದ ಮೇಲೆ ಮನೆ ಹುಡುಕುವ ಹೊಣೆ ಕುಟುಂಬದ್ದು. ಅದಕ್ಕೆ ಕನಿಷ್ಠ 60 ದಿನಗಳ ಕಾಲಾವಕಾಶ. ಪ್ರಾಧಿಕಾರದವರು ಮನೆ ಪರಿಶೀಲಿಸಿ ಒಪ್ಪಿದ ಬಳಿಕ ತಮ್ಮ ಪಾಲನ್ನು ನೇರವಾಗಿ ಮಾಲೀಕರಿಗೆ ಪಾವತಿ ಮಾಡುತ್ತಾರೆ. ಉದಾಹರಣೆಗೆ, ನಿಯಮದಂತೆ ಕಳೆಯಬೇಕಾದದ್ದನ್ನು ಕಳೆದ ಮೇಲೆ ತಿಂಗಳಿಗೆ 1,000 ಡಾಲರ್ ಆದಾಯವಿರುವ ಕುಟುಂಬ ಎನ್ನಿ. ನೀರು, ವಿದ್ಯುತ್ ಸೇರಿ ಬಾಡಿಗೆ 1,400 ಡಾಲರ್. ಪ್ರಾಧಿಕಾರ ಒಪ್ಪುವ ಗರಿಷ್ಠ ಮಟ್ಟ 1,500. ಆಗ ಕುಟುಂಬ 300 ಡಾಲರ್ ಕೊಟ್ಟರೆ ಉಳಿದ 1,100 ಸರ್ಕಾರದ್ದು. ಬಾಡಿಗೆ 1,600 ಆದರೆ ಮೇಲಿನ 100 ಡಾಲರ್ ಕುಟುಂಬದ ತಲೆಗೇ ಬರುತ್ತದೆ.

ಸರದಿಯೂ, ಬಾಗಿಲೂ

ಅರ್ಹತೆ ಬೇರೆ, ಹಕ್ಕು ಬೇರೆ. ನಿಗದಿತ ಅನುದಾನ ಮುಗಿದರೆ ವೋಚರ್‌ಗಳೂ ಮುಗಿದಂತೆ. ಅರ್ಹ ಕುಟುಂಬಗಳಲ್ಲಿ ಸರ್ಕಾರದ ಯಾವುದಾದರೊಂದು ಬಾಡಿಗೆ ನೆರವು ಸಿಗುವುದು ನಾಲ್ಕರಲ್ಲಿ ಸುಮಾರು ಒಂದಕ್ಕೆ ಮಾತ್ರ. 2022ರಲ್ಲಿ ಲಾಸ್ ಏಂಜಲೀಸ್ ನಗರ ಹೊಸ ಅರ್ಜಿ ಕರೆದಾಗ ಎರಡು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಲಾಟರಿ ಎತ್ತಿ 30,000 ಮಂದಿಯನ್ನು ಆರಿಸಲಾಯಿತು. ಅವರಿಗೆ ಸಿಕ್ಕಿದ್ದೂ ವೋಚರ್ ಅಲ್ಲ, ಸರದಿಯಲ್ಲಿ ಒಂದು ಸ್ಥಾನ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ವೋಚರ್ ಒಪ್ಪಲೇಬೇಕೆಂದು ಮಾಲೀಕರನ್ನು ಕಟ್ಟಿಹಾಕುವ ಸಾಮಾನ್ಯ ಕೇಂದ್ರ ಕಾನೂನು ಇಲ್ಲ. 2018ರಲ್ಲಿ ಪ್ರಕಟವಾದ ಸರ್ಕಾರಿ ಪ್ರಾಯೋಜಿತ ಅಧ್ಯಯನದಲ್ಲಿ ವೋಚರ್ ಎಂದೊಡನೆ ನಿರಾಕರಿಸಿದ ಮಾಲೀಕರು ಲಾಸ್ ಏಂಜಲೀಸ್‌ನಲ್ಲಿ ಶೇ 76, ವಾಷಿಂಗ್ಟನ್‌ನಲ್ಲಿ ಶೇ 15. ವಾಷಿಂಗ್ಟನ್‌ನಲ್ಲಿ ಇಂಥ ತಾರತಮ್ಯ ಕಾನೂನುಬಾಹಿರವಾಗಿತ್ತು. ಕ್ಯಾಲಿಫೋರ್ನಿಯಾ ರಾಜ್ಯ 2020ರಿಂದ ಅಂಥದೇ ಕಾನೂನು ಜಾರಿಗೆ ತಂದಿತು.

ಒಳ್ಳೆಯ ನೆರೆಹೊರೆಯ ಬಾಗಿಲು ತೆರೆದರೆ ಏನಾಗುತ್ತದೆ? 1994ರಿಂದ ಐದು ಮಹಾನಗರಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ ಕೆಲವು ಕುಟುಂಬಗಳಿಗೆ ಬಡತನ ಕಡಿಮೆ ಇರುವ ಬಡಾವಣೆಗೇ ಹೋಗಬೇಕೆಂಬ ಷರತ್ತಿನೊಡನೆ ವೋಚರ್ ನೀಡಲಾಯಿತು. ಭಾರತ ಮೂಲದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2015ರಲ್ಲಿ ಅದರ ಫಲವನ್ನು ಲೆಕ್ಕ ಹಾಕಿದರು. ದೊಡ್ಡವರ ಗಳಿಕೆಯಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ. ಆದರೆ 13 ವರ್ಷ ತುಂಬುವ ಮೊದಲೇ ಅಲ್ಲಿಗೆ ಹೋದ ಮಕ್ಕಳು, ಇಪ್ಪತ್ತರ ಹರೆಯದ ನಡುವಿನಲ್ಲಿ ಹೋಗದವರಿಗಿಂತ ಶೇ 31ರಷ್ಟು ಹೆಚ್ಚು ಗಳಿಸುತ್ತಿದ್ದರು.

1937ರ ಸರ್ಕಾರ ಮನೆ ಕಟ್ಟಿತು, ಬೀಗದ ಕೈ ಅದರ ಬಳಿಯೇ ಇತ್ತು. ಇಂದು ಬಾಡಿಗೆಯ ಹಣ ಸರ್ಕಾರದ್ದು, ಬೀಗದ ಕೈ ಮಾಲೀಕರದು. ಇವೆರಡರ ನಡುವೆ 60 ದಿನಗಳನ್ನು ಎಣಿಸುತ್ತಾ ಮನೆಯಿಂದ ಮನೆಗೆ ಅಲೆಯುವ ಪಾಡು ಮಾತ್ರ ಬಡ ಕುಟುಂಬದ್ದು.