ಹಲರು ಕೂಡುತ್ತಿದ್ದ ಚಾವಡಿ

ಅರಮನೆಗಳ ಚರಿತ್ರೆಯನ್ನು ನಾವು ಓದಿದ್ದೇವೆ. ಗುಡಿ ಬಸದಿಗಳ ಚರಿತ್ರೆಯನ್ನೂ ಓದಿದ್ದೇವೆ. ಊರಿನ ಹಿರಿಯರು ಒಂದೆಡೆ ಕುಳಿತು ಊರಿನ ಒಳಿತು ಕೆಡುಕುಗಳನ್ನು ನಿರ್ಣಯಿಸುತ್ತಿದ್ದ ಚಾವಡಿಯ ಚರಿತ್ರೆಯನ್ನು ಬರೆದವರು ಮಾತ್ರ ವಿರಳ. ಇಂದಿನ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸೀಮೆಯು ಇಂತಹ ಸಭೆಗಳ ತವರು. ಅರಸುಮನೆತನಗಳು ಒಂದರ ಹಿಂದೊಂದು ಬಂದು ಹೋದರೂ ಈ ಸಭೆಗಳು ಬಹುಕಾಲ ಬಾಳಿದವು. ಶ್ರೀಮಠದ ಭಕ್ತರಿಗೂ ಹಳೆಯ ವಿದ್ಯಾರ್ಥಿಗಳಿಗೂ ಈ ವಿಷಯವು ಮನನಯೋಗ್ಯವೆಂದು ಭಾವಿಸಿ ಇಲ್ಲಿ ಸಂಗ್ರಹವಾಗಿ ನಿವೇದಿಸಲಾಗಿದೆ.

ಸೀತಾನದಿಯ ದಡದ ಬಾರಕೂರು ಆಳುಪರ ರಾಜಧಾನಿಯಾಗಿ ಮೆರೆದ ಪಟ್ಟಣ. 14ನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತನು ಇದನ್ನು ಫಾಕನೂರು ಎಂದು ಕರೆದಿದ್ದಾನೆ. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಆಡಳಿತ ವಿಭಾಗಕ್ಕೆ ಇದೇ ಕೇಂದ್ರವಾಯಿತು. ಪಟ್ಟಣವು ಕೇರಿಗಳಾಗಿ ಹಂಚಿಕೊಂಡಿದ್ದಿತು. ಮೂಡುಕೇರಿ, ಕೋಟೆಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂಬ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಶಾಸನಗಳು ‘ಹತ್ತು ಕೇರಿ’ಯ ‘ಹಲರ’ನ್ನು ಮತ್ತೆ ಮತ್ತೆ ಸ್ಮರಿಸುತ್ತವೆ. ಹಲರು ಎಂದರೆ ಬಹುಮಂದಿ ಎಂದಷ್ಟೇ ಅರ್ಥ. ಒಬ್ಬನ ಹೆಸರನ್ನು ಹೇಳದೆ ಬಹುಮಂದಿಯ ಹೆಸರಿನಲ್ಲಿ ಅಧಿಕಾರ ನಡೆಸಿದ ಆ ಪದವೇ ಒಂದು ಚರಿತ್ರೆ. ದತ್ತಿಗೆ ಸಾಕ್ಷಿಯಾಗುವುದು, ದೇವರ ಸೊತ್ತನ್ನು ಕಾಯುವುದು, ಕೊಟ್ಟ ಧರ್ಮವು ಕೆಡದಂತೆ ನೋಡಿಕೊಳ್ಳುವುದು ಅವರ ಹೊಣೆಯಾಗಿದ್ದಿತು. ವರ್ತಕರಿಗೆ ನಖರವೆಂಬ ಸಂಘವಿದ್ದಂತೆ ಮುಸಲ್ಮಾನ ವರ್ತಕರಿಗೆ ‘ಹಂಜಮಾನ’ವೆಂಬ ಸಂಘವಿದ್ದಿತು. ಅಂಜುಮನ್ ಎಂಬ ಪಾರಸಿ ಮಾತು ಕನ್ನಡದ ನಾಲಗೆಯಲ್ಲಿ ಹೀಗೆ ಪಳಗಿತು.

ವಾರಾಹಿ ನದಿಯ ತೀರದ ಬಸರೂರು ಇನ್ನೊಂದು ನಿದರ್ಶನ. ಇಲ್ಲಿಯೂ ಮೂಡುಕೇರಿ, ಪಡುವಕೇರಿಗಳ ಹಲರೂ ಸೆಟ್ಟಿಕಾರರೂ ಊರಿನ ಆಡಳಿತವನ್ನು ನಡೆಸಿದರು. ಇಲ್ಲಿಂದ ಅಕ್ಕಿಯು ಗೋವೆಗೂ ಹೊರ್ಮುಜಿಗೂ ಹಡಗೇರಿ ಹೋಗುತ್ತಿದ್ದಿತು. 1569ರಲ್ಲಿ ನದಿಯ ಕೆಳಭಾಗದ ಕೋಟೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರು, ಮೇಲಿನ ಬಸರೂರನ್ನು ಸೆಟ್ಟಿಗಳು ಗಣರಾಜ್ಯದಂತೆ ತಾವೇ ಆಳಿಕೊಳ್ಳುತ್ತಾರೆಂದು ಬರೆದಿಟ್ಟರು. ಹಗೆಗಳ ಲೇಖನಿಯಿಂದ ಬಂದ ಈ ಸಾಕ್ಷ್ಯವು ಹೊಗಳಿಕೆಗಿಂತ ಬೆಲೆಯುಳ್ಳದ್ದು.

ಹಾಗಾದರೆ ಈ ಸಭೆಗಳು ಕೂಡುತ್ತಿದ್ದ ಕಟ್ಟಡವೆಂತಹುದು? ಹಲರ ಶಾಸನಗಳು ಹೆಚ್ಚಾಗಿ ದೇವಾಲಯಗಳ ಅಂಗಳದಲ್ಲಿ ನಿಂತಿವೆ. ಗುಡಿಗೂ ಸಭೆಗೂ ಇದ್ದ ನಂಟನ್ನು ಇದರಿಂದ ಊಹಿಸಬಹುದು. ಈ ಸೀಮೆಯ ಗುಡಿಗಳ ಚಂದ್ರಶಾಲೆಯಲ್ಲಿಯೂ ದೊಡ್ಡ ಮನೆಗಳ ಚಾವಡಿಯಲ್ಲಿಯೂ ಒಂದೇ ಕಟ್ಟಡಕ್ರಮ ಕಾಣುತ್ತದೆ. ಮುರಕಲ್ಲಿನ ಎತ್ತರದ ಜಗಲಿ, ಅದರ ಮೇಲೆ ಸಾಲು ಕಂಬಗಳು, ಹಲಸಿನ ಮರದ ತೊಲೆಗಳು, ತೀರ ಕೆಳಗಿಳಿದ ಇಳಿಜಾರು ಮಾಡು. ವರ್ಷಕ್ಕೆ 3500 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವ ನಾಡಿನಲ್ಲಿ ಮಾಡು ಇಳಿಯದಿದ್ದರೆ ಗೋಡೆ ನಿಲ್ಲದು. ಬದಿಗಳು ತೆರೆದಿರದಿದ್ದರೆ ಸೆಕೆಯಲ್ಲಿ ಮನುಷ್ಯನು ಕುಳಿತಿರಲಾರನು. ತೆರೆದ ಬದಿಯಿಂದ ಇನ್ನೊಂದು ಗುಣವೂ ಒದಗಿತು: ಒಳಗೆ ಆಡಿದ ಮಾತು ಅಂಗಳದಲ್ಲಿ ನಿಂತವನಿಗೂ ಕೇಳಿಸುತ್ತಿದ್ದಿತು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಹಂಚಿನ ಕಾರ್ಖಾನೆ ತೊಡಗುವ ಮೊದಲು ಹೆಚ್ಚಿನ ಮಾಡುಗಳಿಗೆ ಹುಲ್ಲೇ ಹೊದಿಕೆ. ಮರ ಮತ್ತು ಹುಲ್ಲುಗಳ ಚಾವಡಿಗೆ ದೀರ್ಘಾಯುಷ್ಯವಿಲ್ಲ. ಸಭೆಯ ನಿರ್ಣಯವು ಕಲ್ಲಿನಲ್ಲಿ ಉಳಿಯಿತು. ಸಭೆ ಕುಳಿತ ನೆರಳು ಅಳಿಯಿತು.

ವೀರಶೈವ ಧರ್ಮೀಯರಾದ ಕೆಳದಿಯ ಅರಸರಿಗೂ ಈ ಸೀಮೆಗೂ ನಿಕಟ ಸಂಬಂಧ. 16ನೆಯ ಶತಮಾನದ ಮಧ್ಯದಲ್ಲಿ ವಿಜಯನಗರದ ಅರಸರು ಬಾರಕೂರು, ಮಂಗಳೂರು ರಾಜ್ಯಗಳನ್ನು ಸದಾಶಿವನಾಯಕನಿಗೆ ವಹಿಸಿದರು. ಶಿವಪ್ಪನಾಯಕನು 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿಗಳ ಪೋರ್ಚುಗೀಸ್ ಕೋಟೆಗಳನ್ನು ಗೆದ್ದನು. ವೀರಶೈವ ಮಠಗಳನ್ನು ಪೋಷಿಸಿದ ಈ ಮನೆತನವು ಶೃಂಗೇರಿಗೂ ಕೊಲ್ಲೂರಿಗೂ ದತ್ತಿಗಳನ್ನಿತ್ತಿತು. ಆದರೆ ಅರಸನ ಕೈ ಬಲವಾದಂತೆ ಹಲರ ಕೈ ಸಡಿಲವಾದುದನ್ನೂ ನಾವು ಮರೆಮಾಚಬಾರದು. 1665ರ ಫೆಬ್ರವರಿಯಲ್ಲಿ ಶಿವಾಜಿಯು ಹಡಗುಗಳಲ್ಲಿ ಬಂದು ಬಸರೂರನ್ನು ಕೊಳ್ಳೆ ಹೊಡೆದನು. 1763ರಲ್ಲಿ ಕೆಳದಿ ರಾಜ್ಯವು ಹೈದರನ ವಶವಾಯಿತು. ವ್ಯಾಪಾರವು ಕ್ಷೀಣಿಸಿ ಬಸರೂರು ಹಳ್ಳಿಯಾಯಿತು. ಕುಂದಾಪುರವು ಮುಂದೆ ಬಂದಿತು.

ಸಭೆ ಎಂದೊಡನೆ ಶರಣಸಂಕುಲದ ಮನಸ್ಸು ಕಲ್ಯಾಣದ ಅನುಭವ ಮಂಟಪಕ್ಕೆ ಹೋಗುವುದು ಸಹಜ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಲರ ಸಭೆಯು ಊರಿನಲ್ಲಿ ಪ್ರತಿಷ್ಠೆಯುಳ್ಳವರ ಸಭೆ. ಗದ್ದೆಯಲ್ಲಿ ದುಡಿದವನಿಗೂ ಹಡಗಿಗೆ ಮೂಟೆ ಹೊತ್ತವನಿಗೂ ಅಲ್ಲಿ ಆಸನವಿದ್ದಿತೆಂದು ಹೇಳುವಂತಿಲ್ಲ. ಆ ಆಸನವನ್ನು ಕಾಯಕಜೀವಿಗೂ ಸ್ತ್ರೀಗೂ ಇತ್ತವರು ಬಸವಾದಿ ಶರಣರು. ಆದರೂ ಮಾತಿನಿಂದ ನಿರ್ಣಯಕ್ಕೆ ಬರುವ ಶಿಸ್ತನ್ನು, ಆಡಿದ ಮಾತನ್ನು ಕಲ್ಲಿನಲ್ಲಿ ಕೊರೆದು ಅದಕ್ಕೆ ಕಟ್ಟುಬೀಳುವ ನಿಷ್ಠೆಯನ್ನು ಹಲರು ಶತಮಾನಗಳ ಕಾಲ ಪಾಲಿಸಿದರು. ಅಷ್ಟರಮಟ್ಟಿಗೆ ಅವರು ವಂದ್ಯರು.

ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಶಿಲಾನ್ಯಾಸವಾಯಿತು. ಭವ್ಯ ಮಂಟಪಗಳನ್ನು ನಾವು ಕಟ್ಟಬಲ್ಲೆವು. ಅದರೊಡನೆ, ಕಟ್ಟದೆಯೇ ದೊರೆತ ಕಲ್ಲುಗಳನ್ನು ಕಾಯುವ ಬುದ್ಧಿಯೂ ನಮಗೆ ಬರಬೇಕು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನಕ್ಕೆ ಸುಣ್ಣ ಬಳಿದರೆ, ಅದನ್ನು ನೆಲಗಟ್ಟಿಗೆ ಹಾಸಿದರೆ, ಹಲರ ಸಭೆಯು ಎರಡನೆಯ ಬಾರಿ ಮುಗಿದಂತಾಗುವುದು. ಕೊಲ್ಲೂರಿಗೆ ಹೋಗುವ ಭಕ್ತರು ಒಂದು ದಿನವನ್ನು ಮಿಗಿಸಿಕೊಂಡು ಬಸರೂರು, ಬಾರಕೂರುಗಳ ಗುಡಿಗಳ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಲ್ಲಲಿ. ಲಿಪಿಯನ್ನು ಓದಲು ಬಾರದಿದ್ದರೂ ಚಿಂತೆಯಿಲ್ಲ. ನಮ್ಮ ನಮ್ಮ ಊರುಗಳಿಗೆ ಹಿಂದಿರುಗಿದ ಮೇಲೆ, ನಾಲ್ವರು ಕುಳಿತು ಒಂದು ಮಾತಿಗೆ ಬರುವ ಜಗಲಿಯು ನಮ್ಮಲ್ಲಿ ಉಳಿದಿದೆಯೇ ಎಂದು ಕೇಳಿಕೊಂಡರೆ ಆ ಯಾತ್ರೆ ಸಾರ್ಥಕ.