ನಾಲ್ಕೇ ಎಲೆಯ ಇಂದ್ರಜಾಲ

ನೋಡುವವರ ಕಣ್ಣಿಗೆ ಮಂಕುಬೂದಿ ಎರಚುವ ವಿದ್ಯೆ ನಮ್ಮ ನಾಡಿಗೆ ಹೊಸತೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ಅರಸನ ಊಟ ಉಡುಪುಗಳ ಜೊತೆಗೆ ಅವನ ವಿನೋದಗಳಿಗೂ ಧಾರಾಳವಾಗಿ ಎಡೆಯಿದೆ. ಚದುರಂಗವಿದೆ, ದಾಳದಾಟವಿದೆ, ಚಮತ್ಕಾರ ವಿನೋದವೂ ಇದೆ. ಆದರೆ ಎಲೆಯಾಟದ ಮಾತಿಲ್ಲ. ಅದು ನಮ್ಮಲ್ಲಿಗೆ ಬರಲು ಇನ್ನೂ ಕೆಲವು ಶತಮಾನಗಳು ಕಳೆಯಬೇಕಾಗಿತ್ತು.

ಬಂದಾಗಲಾದರೂ ಅದು ಸಣ್ಣ ಪ್ರಮಾಣದಲ್ಲಿ ಬರಲಿಲ್ಲ. ಗಂಜೀಫಾ ಎಂಬ ಪಾರಸಿ ಹೆಸರನ್ನು ಹೊತ್ತು ಬಂತು. ಬಾಬರನು 1527ರಲ್ಲಿ ಸಿಂಧಿನ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟ ಸಂಗತಿ ಅವನ ದಿನಚರಿಯಲ್ಲಿಯೇ ಇದೆ. ಮೊಗಲರ ಗಂಜೀಫಾದಲ್ಲಿ ಎಂಟು ಪಂಗಡ, 96 ಎಲೆ. ಅದನ್ನು ನಮ್ಮವರು ದಶಾವತಾರಕ್ಕೆ ಒಗ್ಗಿಸಿಕೊಂಡಾಗ ಹತ್ತು ಪಂಗಡ, 120 ಎಲೆಗಳಾದವು. ಹಗಲಲ್ಲಿ ಆಡಿದರೆ ರಾಮನ ಕೈಮೇಲು, ಇರುಳಲ್ಲಿ ಆಡಿದರೆ ಕೃಷ್ಣನ ಕೈಮೇಲು. ಯಾವ ಎಲೆ ಬಿದ್ದಿತು, ಯಾವುದು ಉಳಿಯಿತು ಎಂಬುದನ್ನು ನೆನಪಿಡಬಲ್ಲವನೇ ಇದರಲ್ಲಿ ಗೆಲ್ಲುವವನು.

ಈ ಬಗೆಯ ಹಿಗ್ಗುವಿಕೆಗೆ ಕಳಶವಿಟ್ಟವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868). ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿ 'ಛದ'ಗಳೆಂಬ ಎಲೆಯಾಟಗಳ ವಿವರವಿದೆ. ಚಾಮುಂಡೇಶ್ವರೀ ಛದಕ್ಕೆ ಹದಿನಾರು ಪಂಗಡ, 320 ಎಲೆ. ಜಗನ್ಮೋಹನ ಛದಕ್ಕೆ ಹದಿನೆಂಟು ಪಂಗಡ, 360 ಎಲೆ! ಇವನ್ನು ಕಲಸಿ ಹಂಚುವುದೇ ಒಂದು ಕೆಲಸ. ಆಡುವವರಿಗೆ ಅರಮನೆಯ ಬಿಡುವೂ ಬೇಕು, ಅವಧಾನಿಯ ನೆನಪೂ ಬೇಕು. ಅರಮನೆಯ ಬಿಡುವು ಮುಗಿದೊಡನೆ ಆಟವೂ ಮುಗಿಯಿತು. ಎಲೆಗಳ ಮೇಲಿನ ಚಿತ್ರಕಲೆಯಷ್ಟೇ ಉಳಿದುಕೊಂಡಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರಘುಪತಿ ಭಟ್ಟರಂಥ ಕಲಾವಿದರು ಅದಕ್ಕೆ ಮರುಜೀವ ಕೊಟ್ಟುದರಿಂದ ಇಂದು 'ಮೈಸೂರು ಗಂಜೀಫಾ' ನೋಡುವ ವಸ್ತುವಾಗಿ ಬಾಳುತ್ತಿದೆ.

ಆಡುವ ವಸ್ತುವಾಗಿ ಬಾಳಿದ್ದು ಐರೋಪ್ಯರು ತಂದ 52 ಎಲೆಯ ಕಟ್ಟು. ನಾವು ಅದಕ್ಕೆ ಇಸ್ಪೀಟು ಎಂದು ಹೆಸರಿಟ್ಟು, ಜಾಕಿಯನ್ನು ಗುಲಾಮನೆಂದು ಕರೆದು ಮನೆಯವರನ್ನಾಗಿ ಮಾಡಿಕೊಂಡೆವು. ಆಟೀನು, ಕಳಾವರ್ ಎಂಬ ಮಾತುಗಳಲ್ಲಿ ಡಚ್ಚರ ಹಾರ್ಟನ್, ಕ್ಲಾವರನ್‌ಗಳ ದನಿ ನನಗೆ ಕೇಳಿಸುತ್ತದೆ. ಪದಗಳನ್ನು ಹಿಂಬಾಲಿಸಿ ಹೋಗುವುದು ಕನ್ನಡ ಮೇಷ್ಟರ ಚಾಳಿ, ವಾಚಕರು ಮನ್ನಿಸಬೇಕು.

ಇಲ್ಲಿಯವರೆಗಿನ ಕಥೆ ಆಟಗಾರರದು. ಕೈಚಳಕದವರ ಕಥೆ ಇನ್ನೂ ಕೆಳಕ್ಕಿಳಿಯುತ್ತದೆ, 52ರಿಂದ ನಾಲ್ಕಕ್ಕೆ. ಕಟ್ಟನ್ನೆಲ್ಲ ಬದಿಗಿಟ್ಟು ನಾಲ್ಕಾರು ಎಲೆಗಳನ್ನಷ್ಟೇ ಕೈಯಲ್ಲಿ ಹಿಡಿದು ತೋರಿಸುವ ಚಮತ್ಕಾರಗಳು ಹಬ್ಬಿದ್ದು ಕಳೆದ ಶತಮಾನದ ನಡುಭಾಗದಿಂದೀಚೆಗೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅಲೆಕ್ಸ್ ಎಲ್ಮ್ಸ್‌ಲಿ (1929-2006) ಎಂಬವರು ಎಲೆಗಳನ್ನು ಎಣಿಸುವ ಒಂದು ಹೊಸ ರೀತಿಯನ್ನು ಕಂಡುಹಿಡಿದರು. ನಾಲ್ಕು ಎಲೆಗಳನ್ನು ಒಂದೊಂದಾಗಿ ಎಣಿಸಿ ತೋರಿಸುತ್ತಾರೆ. ಎಣಿಕೆ ಸರಿಯಾಗಿ ನಾಲ್ಕೇ. ಆದರೆ ಅದರಲ್ಲಿ ಒಂದೆಲೆ ಎರಡು ಸಲ ಕಾಣಿಸಿಕೊಂಡು, ಇನ್ನೊಂದು ಕಾಣಿಸದೆಯೇ ಉಳಿದಿರುತ್ತದೆ. ಕೆನಡಾದಲ್ಲಿ ಹುಟ್ಟಿದ ಡೈ ವರ್ನನ್ (1894-1992) ಈ ಎಣಿಕೆಯನ್ನು ಬಳಸಿ, ಬೋರಲಾಗಿರುವ ನಾಲ್ಕು ಎಕ್ಕಗಳು ಒಂದೊಂದಾಗಿ ತಾವೇ ಮಗುಚಿಕೊಳ್ಳುವ ಆಟವೊಂದನ್ನು ಹೆಣೆದರು. ಅದು 1960ರಲ್ಲಿ ಪುಸ್ತಕದಲ್ಲಿ ಬಂತು. ಇಂಗ್ಲೆಂಡಿನ ಪೀಟರ್ ಕೇನ್ ಅವರದೆಂದು ಹೇಳುವ ಇನ್ನೊಂದು ಆಟದಲ್ಲಿ ಬೇರೆಯಾಗಿದ್ದ ಎಲೆಗಳು ಒಂದೊಂದಾಗಿ ಬಣ್ಣ ಬದಲಿಸಿ, ಕೊನೆಗೆ ಎಲ್ಲವೂ ಒಂದೇ ಎಲೆಯಾಗುತ್ತವೆ.

ಇಷ್ಟು ಕಡಮೆ ಎಲೆಗಳಿಂದ ಇಷ್ಟು ಬೆರಗು ಹೇಗೆ? ಕಾರಣ ಸರಳ. ಗಂಜೀಫಾ ಆಡುವವನಿಗೆ ನೆನಪೇ ಬಂಡವಾಳ. ನಾಲ್ಕು ಎಲೆಗಳಿಗೆ ಅದು ಬೇಡ, ಮಗುವೂ ಲೆಕ್ಕವಿಡಬಲ್ಲುದು. 'ನನಗೆ ಎಲ್ಲವೂ ಕಾಣುತ್ತಿದೆ' ಎಂಬ ಧೈರ್ಯ ನೋಡುವವನಿಗೆ ಬಂದುಬಿಡುತ್ತದೆ. ಆ ಧೈರ್ಯದ ಬೆನ್ನಿಗೇ ಮೋಸವೂ ಕುಳಿತಿರುತ್ತದೆ.

ಶಿಡ್ಲಘಟ್ಟದವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇದು ರೇಷ್ಮೆಯ ಊರು. ನೂಲು ಬಿಚ್ಚಾಣಿಕೆಯ ಬಾಣಲೆಯ ಮುಂದೆ ಕುಳಿತ ಹೆಣ್ಣುಮಗಳು ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿದೆತ್ತಿ, ಒಂದು ಗೂಡು ಮುಗಿದೊಡನೆ ಇನ್ನೊಂದರ ಎಳೆಯನ್ನು ಕೂಡಿಸುತ್ತಾಳೆ. ಎಲ್ಲಿ ಕೂಡಿತೆಂದು ಪಕ್ಕದಲ್ಲಿ ನಿಂತವರಿಗೂ ತಿಳಿಯದು. ಬೆರಳಿನ ವಿದ್ಯೆ ಎಲ್ಲೆಡೆಯೂ ಒಂದೇ.

ಕಾಲೇಜಿನ ವಾರ್ಷಿಕೋತ್ಸವ ಹತ್ತಿರವಾದಾಗ 'ಸಾರ್, ಸುಲಭವಾದ, ಕಣ್ಣಿಗೆ ಕಟ್ಟುವಂಥ ಇಸ್ಪೀಟು ಜಾದೂ ಯಾವುದು?' ಎಂದು ಹುಡುಗರು ನನ್ನನ್ನು ಕೇಳುವುದುಂಟು. ನಾನು ಹೇಳುವುದಿಷ್ಟು: ಒಂದೇ ವಾಕ್ಯದಲ್ಲಿ ಹೇಳಬಹುದಾದ ಆಟವನ್ನು ಆರಿಸು. 'ಕೆಂಪು ಎಲೆಗಳು ಕಪ್ಪಾದವು' ಎಂಬುದು ಎಲ್ಲರಿಗೂ ನಾಟುತ್ತದೆ; 'ಆರು ಏಳಾಯಿತು' ಎಂಬುದು ಯಾರಿಗೂ ನಾಟದು. ಹತ್ತು ಬಗೆಯ ಕೈಚಳಕ ಕಲಿಯುವುದಕ್ಕಿಂತ ಒಂದು ಎಣಿಕೆಯನ್ನು ನೂರು ಸಲ ಅಭ್ಯಾಸ ಮಾಡು. ಒಮ್ಮೆಗೆ ಎರಡಾಟ ಸಾಕು. ಮೂರನೆಯದಕ್ಕೆ ಜನ ಕೈಯನ್ನೇ ಕಾಯತೊಡಗುತ್ತಾರೆ. ಇದು ಹತ್ತು ಹನ್ನೆರಡು ಮಂದಿಯ ನಡುವೆ ತೋರಿಸುವ ವಿದ್ಯೆ. ಸಭಾಂಗಣದ ಹಿಂದಿನ ಬೆಂಚಿಗೆ ಇದು ಮುಟ್ಟುವುದಿಲ್ಲ. ಕೊನೆಯದಾಗಿ, ಆಟ ಮುಗಿದ ಮೇಲೆ ಎಲೆಗಳನ್ನು ನೋಡುವವರ ಕೈಗೆ ಕೊಡಬಹುದಾದಂಥದನ್ನೇ ಆರಿಸು.

ಈ ಕೊನೆಯ ಮಾತಿಗೆ ನಾನು ಒತ್ತು ಕೊಡುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ತರಗತಿ ಮುಗಿದ ಮೇಲೆ ನನ್ನಲ್ಲಿಗೆ ಬಂದ. ಅವನ ತಂದೆ ಗೂಡು ಮಾರಿದ ಹಣವನ್ನು ಜೇಬಿನಲ್ಲಿಟ್ಟುಕೊಂಡು ಜಾತ್ರೆಗೆ ಹೋಗಿದ್ದರು. ಅಲ್ಲಿ ಮೂರು ಎಲೆಗಳನ್ನು ಬೋರಲು ಹಾಕಿ 'ರಾಣಿ ಎಲ್ಲಿ?' ಎಂದು ಪಣ ಕಟ್ಟಿಸುವವನೊಬ್ಬ ಕುಳಿತಿದ್ದ. ಒಂದು ಬೆಳೆಯ ದುಡಿಮೆ ಅರ್ಧ ಗಂಟೆಯಲ್ಲಿ ಕರಗಿತು. ಹಗಲಿರುಳು ಸೊಪ್ಪು ಹಾಕಿ, ಹುಳುವನ್ನು ಚಂದ್ರಿಕೆಗೆ ಬಿಟ್ಟು, ಮನೆಮಂದಿಯೆಲ್ಲ ಕಾದು ಪಡೆದ ಹಣ ಅದು. 'ಸಾರ್, ನಮ್ಮಪ್ಪ ದಡ್ಡರೇ?' ಎಂದು ಹುಡುಗ ಕೇಳಿದ. ಮನೆಯಲ್ಲಿ ಎಲ್ಲರೂ ಹಾಗೆಂದಿದ್ದರಂತೆ.

ನಾನು ಮೂರು ಎಲೆ ತೆಗೆದು ಮೇಜಿನ ಮೇಲಿಟ್ಟೆ. ಒಂದು ಕೈಯಲ್ಲಿ ಎರಡೆಲೆ ಹಿಡಿದಾಗ ಕೆಳಗಿನದನ್ನೇ ಎಸೆದನೆಂದು ಕಣ್ಣು ನಂಬುತ್ತದೆ, ಬೀಳುವುದು ಮೇಲಿನದು. ಸುತ್ತ ನಿಂತು ಗೆಲ್ಲುತ್ತಿರುವವರು ಅವನ ಕಡೆಯವರೇ. ಫ್ರಾನ್ಸಿನ ಹೆಸರಾಂತ ಜಾದೂಗಾರ ರೊಬೇರ್ ಹೂದೆಂ 1861ರಷ್ಟು ಹಿಂದೆಯೇ ಇಸ್ಪೀಟು ಮೋಸಗಾರರ ಗುಟ್ಟುಗಳನ್ನು ಬಯಲಿಗೆಳೆದು ಪುಸ್ತಕವನ್ನೇ ಬರೆದರು. ಪ್ಯಾರಿಸಿನ ಧನಿಕರು ಬಿದ್ದ ಹಳ್ಳಕ್ಕೆ ನಮ್ಮ ರೈತ ಬಿದ್ದರೆ ಅವನನ್ನು ದಡ್ಡನೆನ್ನುವುದು ಯಾವ ನ್ಯಾಯ? ಕಣ್ಣು ಚುರುಕಾಗಿರುವವನೇ ಈ ಮೋಸಕ್ಕೆ ಬೇಗ ಸಿಕ್ಕುವುದು. ಹುಡುಗ ಅದನ್ನು ಒಂದು ವಾರ ಅಭ್ಯಾಸ ಮಾಡಿ ತಂದೆಗೇ ತೋರಿಸಿದನಂತೆ. ಅವರು ಏನೆಂದರೆಂದು ನಾನು ಕೇಳಲಿಲ್ಲ.

ಗುಟ್ಟನ್ನು ತಿಳಿಸುವುದೂ ಒಂದು ಧರ್ಮವೆಂದು ಭಾವಿಸಿದವರು ಹಿಂದಿನಿಂದಲೂ ಇದ್ದಾರೆ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್, ಮಾಟಗಾತಿಯರೆಂದು ಬಡ ಮುದುಕಿಯರನ್ನು ಹಿಂಸಿಸುತ್ತಿದ್ದುದನ್ನು ಖಂಡಿಸಿ ಬರೆದ ಗ್ರಂಥದಲ್ಲಿ ಇಸ್ಪೀಟಿನ ಕೈಚಳಕವನ್ನೂ ಬಿಡಿಸಿ ಹೇಳಿದ. ಇದು ಬೆರಳಿನ ಕೆಲಸ, ದೆವ್ವದ್ದಲ್ಲ ಎಂದು ತೋರಿಸಬೇಕಾಗಿತ್ತು ಅವನಿಗೆ. ಅಷ್ಟು ದೂರವೇಕೆ? ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಹಾಗೂ ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿಯನ್ನು ರಚಿಸಿದರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂಬುದು 2005ರಲ್ಲಿ ತೀರಿಕೊಳ್ಳುವವರೆಗೂ ಅವರು ಬಿಡದೆ ಸಾರಿದ ಮಾತು.

ಜಾದೂಗಾರನೂ ಮೋಸಗಾರನೂ ಹಿಡಿಯುವ ಎಲೆಗಳು ಒಂದೇ, ಬೆರಳಿನ ಓಟವೂ ಒಂದೇ. ಒಬ್ಬನು 'ನಿಮ್ಮನ್ನು ಮರುಳು ಮಾಡುತ್ತೇನೆ' ಎಂದು ಮೊದಲೇ ಹೇಳಿ, ಮುಗಿದೊಡನೆ ಎಲೆಗಳನ್ನು ನಿಮ್ಮ ಕೈಗಿಡುತ್ತಾನೆ. ಇನ್ನೊಬ್ಬನು 'ನಿಮ್ಮ ಕಣ್ಣನ್ನೇ ನಂಬಿ' ಎಂದು ಹುರಿದುಂಬಿಸಿ, ಎಲೆ ಮುಟ್ಟಲು ಹೋದರೆ ಕಟ್ಟಿಕೊಂಡು ಎದ್ದುಬಿಡುತ್ತಾನೆ. 360 ಎಲೆಗಳ ಛದವನ್ನು ಆಡುವ ಪುರುಸೊತ್ತು ಇನ್ನು ನಮಗೆ ಬಾರದು. ನಾಲ್ಕು ಎಲೆಗಳನ್ನು ಕಲಿಯಲು ಒಂದು ಬೇಸಗೆಯ ರಜೆ ಸಾಕು. ಮನೆಯ ಮಕ್ಕಳಿಗೆ ಕಲಿಸಿ ನೋಡಿ. ಮುಂದೆ ಯಾರಾದರೂ ಮೂರೆಲೆ ಹರಡಿ ಕರೆದರೆ ಅವರು ಎಲೆಯನ್ನು ಬಿಟ್ಟು ಕೈಯನ್ನು ನೋಡಿಯಾರು.